ಮೂಡಲ ಬೆಟ್ಟಗಳಿಗೊಂದು ವೇಳಾಪಟ್ಟಿ

ನಮ್ಮ ಕಡೆಯವರಿಗೆ ಬೆಟ್ಟವೆಂದರೆ ಪಡುವಣ ದಿಕ್ಕು. ಮೋಟಾರ್ ಸೈಕಲ್ಲಿಗೆ ಪೆಟ್ರೋಲ್ ತುಂಬಿಸಿದ ಅರಸೀಕೆರೆಯ ಗಂಡಸು ಬೇಲೂರು ದಾಟಿ ಮೂಡಿಗೆರೆ ಕಡೆ ಮುಖ ಮಾಡುತ್ತಾನೆ. ಘಟ್ಟದ ತುದಿಯಲ್ಲಿ ನಿಂತು ಮಂಜಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾನೆ. ಫೋಟೊದಲ್ಲಿ ಮಂಜು ಬಿಟ್ಟು ಬೇರೇನೂ ಕಾಣದಿದ್ದರೂ ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಯುತ್ತಾನೆ. ಹೀಗಿರುವಾಗ ಮೂಡಲ ಕಡೆಯ ಬೆಟ್ಟಗಳಿಗೆ, ಎಂದರೆ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಇಳಿದು ಸೇಲಂ ಪಕ್ಕದ ಏರ್ಕಾಡು, ಹೀಗೆ ಆರು ದಿನ ಬೈಕಿನಲ್ಲಿ ಸುತ್ತಿ ಬರೋಣ ಎಂದು ಹೊರಟವರು ನಾವು ಮೂವರು. ಮೂವರಿಗೂ ನಲವತ್ತೈದು ದಾಟಿತ್ತು. ಇಬ್ಬರಿಗೆ ಸೊಂಟನೋವು, ಒಬ್ಬರಿಗೆ ಸಕ್ಕರೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಆ ಕಾಡುಗಳ ಅಪಹರಣದ ಸುದ್ದಿ ಪೇಪರಿನಿಂದ ಮರೆಯಾಗಿ ನಮ್ಮಂಥವರಿಗೂ ಧೈರ್ಯ ಬಂದಿತ್ತು.

ಧೈರ್ಯ ಎಂದೆ. ನನ್ನ ಮಟ್ಟಿಗೆ ಆ ಮಾತು ಸ್ವಲ್ಪ ಹೆಚ್ಚಾಯಿತು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಗಾಜಿನ ಕಿಂಡಿಯ ಹಿಂದೆ ಕೂತು ಬಂದ ಬಸ್ಸಿನ ವೇಳೆ, ಹೋದ ಬಸ್ಸಿನ ವೇಳೆ ಬರೆದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು ನನ್ನ ಕೆಲಸ. ಇಷ್ಟು ವರ್ಷ ಬೇರೆಯವರನ್ನು ಊರೂರಿಗೆ ಕಳಿಸಿದ ನಾನು ಸ್ವಂತಕ್ಕೆ ಹೋದದ್ದು ಬಹಳ ಕಡಿಮೆ. ಹೊರಡುವ ಮೊದಲೇ ಅಲ್ಲಿ ಏನೇನು ಕೆಡಬಹುದು ಎಂದು ಯೋಚಿಸಿ, ಹೋಗಿ ಬಂದಷ್ಟೇ ಸುಸ್ತಾಗಿ, ಮನೆಯಲ್ಲೇ ಉಳಿದುಬಿಡುತ್ತಿದ್ದೆ. ಈ ಪ್ರವಾಸಕ್ಕೂ ಮೂರು ಹಾಳೆಯ ತುಂಬ ಭಯಗಳನ್ನು ಬರೆದಿಟ್ಟಿದ್ದೆ. ಕ್ಲಚ್ ಕೇಬಲ್ ತುಂಡಾದರೆ? ಆನೆ ಅಡ್ಡ ಬಂದರೆ ಹಾರ್ನ್ ಹೊಡೆಯಬೇಕೋ ಬಾರದೋ? ಅಲ್ಲಿ ಹೊಡೆದರೂ ಇಲ್ಲಿಯ ಹಾಗೆ ಯಾರೂ ಸರಿಯದಿದ್ದರೆ?

ಉಳಿದಿಬ್ಬರಲ್ಲಿ ಒಬ್ಬರು ಬಸ್ ಸ್ಟ್ಯಾಂಡಿನ ಎದುರಿಗೆ ಕೊಬ್ಬರಿ ಮಂಡಿ ಇಟ್ಟಿದ್ದವರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ಅವರಲ್ಲೊಂದು ಬುಲೆಟ್ ಇತ್ತು. ಅವರು ಅದನ್ನು ಸ್ಟಾರ್ಟ್ ಮಾಡಿದರೆ ನಾನು ಮೈಕಿನಲ್ಲಿ ಕೂಗಿದ ಊರು ಯಾರಿಗೂ ಕೇಳುತ್ತಿರಲಿಲ್ಲ. ಹಾಸನಕ್ಕೆ ಹೋಗಬೇಕಾದವರು ಹೊಸದುರ್ಗದ ಬಸ್ ಹತ್ತಿದ್ದೂ ಉಂಟು. ಇನ್ನೊಬ್ಬರು ಹಳೇಬೀಡಿನಲ್ಲಿ ಬಸದಿಯ ದಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಜೈನರು. ನಾವು ಸಾವ್ಕಾರ್ರು ಎಂದು ಕರೆಯುತ್ತಿದ್ದೆವು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ. ವಾರಕ್ಕೊಮ್ಮೆ ಮಾಲಿಗೆಂದು ಅರಸೀಕೆರೆಗೆ ಬಂದವರು ನನ್ನ ಕಿಂಡಿಗೆ ಮುಖವಿಟ್ಟು, "ಕತ್ತಲಾಗೋದ್ರೊಳಗೆ ಹಳೇಬೀಡು ಮುಟ್ಟೋ ಬಸ್ಸು ಯಾವ್ದು ಸಾರ್?" ಎಂದು ಕೇಳುತ್ತಿದ್ದರು. ಇವರೊಬ್ಬರಿಗಾಗಿ ನಾನು ಹನ್ನೆರಡು ತಿಂಗಳ ಸೂರ್ಯಾಸ್ತದ ಹೊತ್ತನ್ನು ಪಂಚಾಂಗದಿಂದ ನಕಲು ಮಾಡಿ ಗಾಜಿಗೆ ಅಂಟಿಸಿಕೊಂಡಿದ್ದೆ. ಸ್ನೇಹ ಬೆಳೆದದ್ದು ಹಾಗೆ.

ಯಜಮಾನರ ಸ್ನೇಹ ಅದಕ್ಕಿಂತ ಹಳೆಯದು, ಹನ್ನೆರಡು ವರ್ಷದ್ದು. ಡ್ಯೂಟಿ ಮುಗಿದ ಮೇಲೆ ಅವರ ಮಂಡಿಯ ಮುಂದಿನ ಬೆಂಚಿನಲ್ಲಿ ಕೂತು ನಾವು ದೇಶದ ಎಲ್ಲ ಸಮಸ್ಯೆಗಳನ್ನೂ ಬಗೆಹರಿಸುತ್ತಿದ್ದೆವು. ಟೀ ಎದುರಿನ ಹೋಟೆಲಿನಿಂದ ಬರುತ್ತಿತ್ತು. ಅವರ ಮನೆ ಮಂಡಿಯ ಬೆನ್ನಿಗೇ ಇತ್ತು, ಒಳಗಿನಿಂದ ಒಗ್ಗರಣೆಯ ವಾಸನೆ ಬೆಂಚಿನವರೆಗೂ ಬರುತ್ತಿತ್ತು. ಈ ಹನ್ನೆರಡು ವರ್ಷದಲ್ಲಿ ಆ ಮನೆಯ ಒಗ್ಗರಣೆಯನ್ನು ಮೂಗಿನಿಂದ ಮಾತ್ರ ಬಲ್ಲೆ. ನಮ್ಮ ಮನೆಗೆ ಅವರು ಬಂದಿದ್ದಾರೆ. ಬಂದಾಗಲೆಲ್ಲ ಅವರಿಗೆ ಈಗತಾನೇ ಊಟವಾಗಿರುತ್ತದೆ. ಒಮ್ಮೆ ಬೆಳಿಗ್ಗೆ ಏಳು ಗಂಟೆಗೆ ಬಂದಾಗಲೂ ಆಗಿತ್ತು.

ಕಾರಣವನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ಬೌದ್ಧರಾದರು. ಮನೆಯ ಗೋಡೆಗೆ ಬುದ್ಧನ ಪಟ ಬಂತು. ಯಾವ ಕೇರಿಯಿಂದ ಬಂದವರು ಎಂಬುದನ್ನು ಮರೆಯುವುದಕ್ಕೆ ಅದರಿಂದ ನಮಗೆ ಸ್ವಲ್ಪ ಸಹಾಯವಾಯಿತು. ಊರಿನವರಿಗೆ ಮರೆಯುವ ಅಗತ್ಯ ಬೀಳಲಿಲ್ಲ. ಆದರೆ ಬೈಕ್ ಪ್ರವಾಸವೆಂದರೆ ಬೇರೆ, ಅಲ್ಲಿ ಬೆಂಚು ಇಲ್ಲ, ಬಾಗಿಲಿಲ್ಲ, ಎಲ್ಲರ ಮೇಲೂ ಒಂದೇ ಧೂಳು ಕೂರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆ ಆರು ದಿನ ಅವರಿಬ್ಬರ ಜೊತೆ ಮೂರನೆಯವನಾಗಿ ಉಂಡು, ಮಲಗಿ, ಎದ್ದು ಬರಬೇಕು ಎನ್ನುವುದೇ ನನ್ನ ಆಸೆ. ಬೆಟ್ಟ ಕಾಣದಿದ್ದರೂ ನಡೆಯುತ್ತಿತ್ತು.

ವೇಳಾಪಟ್ಟಿ ಹಾಕುವ ಕೆಲಸ ನನ್ನ ಪಾಲಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಭಾನುವಾರ ಮೂವರೂ ಬೆಂಚಿನ ಮೇಲೆ ಭೂಪಟ ಹರಡಿಕೊಂಡು ಕೂತೆವು. ಯಜಮಾನರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

"ಮೊದಲ್ನೇ ದಿನ ಚಾಮರಾಜನಗರ. ನಮ್ ಷಡ್ಡಕರ ಮನೆ ಐತೆ, ದೊಡ್ಡ ಮನೆ. ಎರಡ್ನೇ ದಿನ ರಂಗನ ಬೆಟ್ಟ ನೋಡ್ಕಂಡು ಹನೂರು. ನಮ್ಮಕ್ಕನ ಮಗಳ್ನ ಅಲ್ಲಿಗೇ ಕೊಟ್ಟಿರೋದು. ಮೂರ್ನೇ ದಿನ ಮಾದಪ್ಪನ ಬೆಟ್ಟ ಇಳ್ದು ಸೇಲಂ. ಅಲ್ಲಿ ಎಣ್ಣೆ ಮಿಲ್ಲಿನೋರು, ನಮ್ಮ ಪೈಕಿನೇ."

ಮೂಡಲ ಬೆಟ್ಟಗಳ ಸೌಂದರ್ಯ ಇವರನ್ನು ಯಾಕೆ ಕೈಬೀಸಿ ಕರೆಯಿತು ಎನ್ನುವುದು ನನಗೆ ಆಗ ಹೊಳೆಯಿತು. ಪಡುವಣದ ಘಟ್ಟದಲ್ಲಿ ಇವರಿಗೆ ನೆಂಟರಿರಲಿಲ್ಲ.

ನಾನು ಒಂದೊಂದು ಊರಿನ ಹೆಸರಿನ ಮುಂದೆಯೂ "ತಂಗುವುದು: ಮನೆ, ಮೂವರೂ" ಎಂದು ಬರೆದೆ. ಯಜಮಾನರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಹತ್ತಿರ ಎಳೆದುಕೊಂಡರು.

"ನಿಮಗೆ ಲಾಡ್ಜ್ ಹೇಳ್ಬಿಡಾಣ ಕಂಟ್ರೋಲ್ರೇ. ಆರಾಮಾಗಿರ್ತೀರ. ಆ ಮನೆಗಳಲ್ಲಿ ಮಕ್ಕಳು ಮರಿ, ಒಂದೇ ಗಲಾಟೆ."

"ನನಗೆ ಮಕ್ಕಳಂದ್ರೆ ಇಷ್ಟ ಯಜಮಾನ್ರೇ."

"ಬಾತ್‌ರೂಮು ಒಂದೇ ಕಣ್ರೀ."

"ನಾನು ಬೇಗ ಏಳ್ತೀನಿ."

"ಅಯ್ಯೋ, ನೀವು ಬುದ್ಧನ ಕಡೆಯೋರು ಬಿಡ್ರಿ! ನಿಮಗೆ ಮನೆ ಆದ್ರೇನು, ಮರದ ಬುಡ ಆದ್ರೇನು, ಎಲ್ಲಾ ಒಂದೇ." ಹೀಗೆಂದು ಅವರೇ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೆಂದು ಈಗಲೂ ಗೊತ್ತಿಲ್ಲ. ನಗು ಬಂದವರ ಮುಂದೆ ಸುಮ್ಮನೆ ಕೂರುವುದಕ್ಕೆ ನನಗೆ ಸಂಕೋಚ.

"ಮೂವರೂ" ಎಂಬುದನ್ನು ಹೊಡೆದು "ಇಬ್ಬರು ಮನೆ, ಒಬ್ಬರು ಲಾಡ್ಜ್" ಎಂದು ತಿದ್ದಿದೆ. ಆಮೇಲೆ ಸಾವ್ಕಾರ್ರ ಸೂರ್ಯಾಸ್ತದ ವಿಷಯ ಬಂತು. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಷಡ್ಡಕರಿಗೆ ಮೊದಲೇ ಫೋನ್ ಮಾಡಿ ಐದೂವರೆಗೆ ಅಡುಗೆ ಆಗಿರಬೇಕು ಎಂದು ಹೇಳುವುದು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು, ಆಲೂಗಡ್ಡೆ ಇಲ್ಲದ ಪಲ್ಯ, ಕಾಯಿಸಿ ಆರಿಸಿದ ನೀರು. ಹನೂರಿನ ಅಕ್ಕನ ಮಗಳು ಹೊಸ ಪಾತ್ರೆ ತೆಗೆದಿಡಬೇಕೆಂದೂ ತೀರ್ಮಾನವಾಯಿತು. ಒಬ್ಬರ ನಿಯಮಕ್ಕೆ ಮೂರು ಊರಿನ ಒಲೆಗಳು ಬಗ್ಗಿ ಕೈಮುಗಿದು ನಿಂತವು. ನನ್ನ ಪಾಲಿಗೆ ಬಂದದ್ದು ಬರೆದುಕೊಳ್ಳುವ ಕೆಲಸ.

ಮನೆಯಲ್ಲಿ ನನ್ನ ಹೆಂಡತಿ ಹಾಳೆ ಓದಿದಳು. ಅವಳು ಸರ್ಕಾರಿ ಶಾಲೆಯ ಟೀಚರ್. ಯಾವ ಹಾಳೆ ಸಿಕ್ಕಿದರೂ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದು ಅವಳ ಅಭ್ಯಾಸ. ನಾನು ಸೊಳ್ಳೆಪರದೆ ಒಯ್ಯಬೇಕೋ ಸೊಳ್ಳೆಬತ್ತಿ ಸಾಕೋ ಎಂದು ಕೇಳುತ್ತಿದ್ದೆ.

"ಅವರಿಬ್ಬರಿಗೆ ಮನೆ, ನಿಮಗೊಬ್ರಿಗೆ ಲಾಡ್ಜ್. ಅದನ್ನ ನಿಮ್ಮ ಕೈಯಲ್ಲೇ ಬರೆಸಿದಾರೆ. ಅಕ್ಷರ ಚೆನ್ನಾಗಿದೆ."

"ಅವರು ಬೇರೆ ಅರ್ಥದಲ್ಲಿ ಹೇಳ್ಲಿಲ್ಲ ಕಣೇ."

"ಯಾವ ಅರ್ಥದಲ್ಲಿ ಹೇಳಿದ್ರು ಅಂತ ಕೇಳಿದ್ರಾ?"

"ಕೇಳಿದ್ರೆ ಬೇಜಾರ್ ಮಾಡ್ಕೋತಾರೆ."

"ರೀ, ಲಾಡ್ಜಲ್ಲಿ ಒಬ್ಬರೇ ಮಲಗೋರು ನೀವು. ಬೇಜಾರು ಅವರಿಗಾ?"

ಅವಳ ಮಾತು ಸರಿಯಿತ್ತು, ಅದೇ ತೊಂದರೆ. ಕೇಳಿಬಿಟ್ಟರೆ ಬೆಂಚೂ ಹೋಗುತ್ತದೆ ಎಂಬ ಭಯ ನನಗೆ. ಅವಮಾನ ನನ್ನದು, ಅದರಿಂದ ಅವರಿಗೆ ಇರುಸುಮುರುಸಾಗದಂತೆ ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಎರಡೂ ಡ್ಯೂಟಿ ನಾನೇ ಮಾಡುತ್ತಿದ್ದೆ, ರಜೆಯಿಲ್ಲದೆ.

ಬಾಯಿಂದ ಕೇಳಲಾರದವನು ಕೈಯಿಂದ ಮಾಡಿದೆ. ಒಂದು ಊರಿನಿಂದ ಇನ್ನೊಂದಕ್ಕೆ ಬಸ್ಸಿಗೆ ಕೊಡುವ ಹೊತ್ತನ್ನು ನಾವು ರನ್ನಿಂಗ್ ಟೈಮ್ ಎನ್ನುತ್ತೇವೆ. ಅದನ್ನು ಹತ್ತು ನಿಮಿಷ ಹೆಚ್ಚು ಮಾಡಿದರೆ ಡ್ರೈವರ್ ದಾರಿಯಲ್ಲಿ ಟೀ ಕುಡಿಯುತ್ತಾನೆ, ಹತ್ತು ನಿಮಿಷ ಕಡಿಮೆ ಮಾಡಿದರೆ ದಾರಿಯಲ್ಲಿ ಕೋಳಿ ಸಾಯುತ್ತದೆ. ಇಪ್ಪತ್ತು ವರ್ಷದ ಈ ವಿದ್ಯೆಯನ್ನು ನಾನು ಮೊದಲ ಸಲ ಸ್ವಂತಕ್ಕೆ ಬಳಸಿದೆ. ಊರೂರಿನ ನಡುವೆ ಹೊತ್ತನ್ನು ಹಿಗ್ಗಿಸಿದೆ. ಮೊದಲ ದಿನ ನಾವು ನಂಜನಗೂಡಿನಲ್ಲಿರುವಾಗಲೇ ಸೂರ್ಯ ಮುಳುಗುವಂತೆ ಮಾಡಿದೆ. ಸಾವ್ಕಾರ್ರು ಊಟ ಮಾಡಲೇಬೇಕು, ಮಾಡಿದ ಮೇಲೆ ಕತ್ತಲಲ್ಲಿ ಹೊರಡುವಂತಿಲ್ಲ, ಎಂದಮೇಲೆ ಮೂವರಿಗೂ ನಂಜನಗೂಡಿನ ಲಾಡ್ಜೇ ಗತಿ. ಷಡ್ಡಕರ ದೊಡ್ಡ ಮನೆ ಒಂದು ಗಂಟೆಯ ದಾರಿಯಾಚೆ ಬಾಗಿಲು ತೆರೆದುಕೊಂಡು ಕಾಯುತ್ತಿರಲಿ. ಎರಡನೆಯ ದಿನದ ಸೂರ್ಯ ಹನೂರಿಗೆ ಬದಲು ಕೊಳ್ಳೇಗಾಲದಲ್ಲಿ ಮುಳುಗಿದ. ಮೂರನೆಯ ದಿನ ಸೇಲಂ ಇನ್ನೂ ಐವತ್ತು ಕಿಲೋಮೀಟರ್ ಇರುವಾಗ ಮೆಟ್ಟೂರಿನ ಅಣೆಕಟ್ಟಿನ ಪಕ್ಕದಲ್ಲಿ ಮುಳುಗಿದ. ಸೂರ್ಯನನ್ನು ಇಷ್ಟು ಸಲೀಸಾಗಿ ಓಡಾಡಿಸಿದವನು ಒಬ್ಬ ದರ್ಜೆ ಮೂರರ ನೌಕರ ಎಂದು ನೆನೆದು ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಮುಂದಿನ ವಾರ ಯಜಮಾನರು ಹಾಳೆ ನೋಡಿದರು.

"ಮೈಸೂರಿಂದ ನಂಜನಗೂಡಿಗೆ ಎರಡು ಗಂಟೆ! ಏನ್ರೀ ಇದು? ಗಾಡೀಲಿ ಹೋಯ್ತಿದ್ದೀವಾ, ಉರುಳುಸೇವೆ ಮಾಡ್ತಿದ್ದೀವಾ?"

"ಘಟ್ಟದ ದಾರಿ ಯಜಮಾನ್ರೇ, ಹುಷಾರಾಗಿ ಹೋಗ್ಬೇಕು."

"ನಂಜನಗೂಡಲ್ಲಿ ಯಾವ ಘಟ್ಟ ಐತೆ?"

"ಟ್ರಾಫಿಕ್ ಇರುತ್ತೆ. ಮಧ್ಯೆ ಟೈರಿನ ಗಾಳಿ ನೋಡ್ಬೇಕು. ಚೈನ್ ನೋಡ್ಬೇಕು. ನೀರು ಕುಡೀಬೇಕು."

ನನ್ನ ಹೆದರಿಕೆ ಊರಿಗೆಲ್ಲ ಗೊತ್ತಿದ್ದದ್ದರಿಂದ ಅವರು ನಂಬಿದರು. ಪುಕ್ಕಲನೆಂಬ ಹೆಸರಿನಿಂದ ನನಗೆ ಲಾಭವಾದದ್ದು ಅದೊಂದೇ ಸಲ. ಆದರೂ ಅವರಿಗೆ ಸಮಾಧಾನವಾಗಲಿಲ್ಲ. "ಒಂದು ಟ್ರಯಲ್ ನೋಡ್ಬಿಡಾಣ," ಎಂದರು. "ಭಾನುವಾರ ಬಿಕ್ಕೋಡಿಗೆ ಹೋಗ್ಬರಾಣ. ತಿರುವುಗಳು ಅವೆ, ಏರೂ ಐತೆ. ನೀವು ಎಷ್ಟು ಹೊತ್ತಿಗೆ ಮುಟ್ತೀರೋ ನಾನೂ ನೋಡ್ತೀನಿ."

ನನ್ನ ಸುಳ್ಳನ್ನು ಈಗ ನಾನು ರಸ್ತೆಯ ಮೇಲೆ ಓಡಿಸಿ ತೋರಿಸಬೇಕಾಯಿತು. ಭಾನುವಾರ ಹೆಲ್ಮೆಟ್, ಅದರೊಳಗೆ ಮಫ್ಲರ್, ಮೊಣಕಾಲಿಗೆ ಪಟ್ಟಿ, ಇಷ್ಟನ್ನೂ ಧರಿಸಿ ನನ್ನ ನೂರು ಸಿಸಿ ಗಾಡಿ ಹತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಚಂದ್ರನ ಮೇಲೆ ಇಳಿದ ಕೂಡ್ಲೇ ಫೋನ್ ಮಾಡಿ," ಎಂದಳು. ಮುಳ್ಳು ಮೂವತ್ತು ದಾಟದಂತೆ ನೋಡಿಕೊಂಡೆ. ಬುಲೆಟ್ ಮುಂದೆ ಹೋಗಿ ಜಾವಗಲ್ಲಿನಲ್ಲಿ ಒಂದು ಟೀ ಕುಡಿದು, ಹಳೇಬೀಡಿನಲ್ಲಿ ಇನ್ನೊಂದು ಕುಡಿದು ನನಗಾಗಿ ಕಾಯಿತು. ಹಳೇಬೀಡಿನಲ್ಲಿ ಸಾವ್ಕಾರ್ರು ನೀರಿನ ಬಾಟಲಿ, ಟಿಫನ್ ಡಬ್ಬಿ, ಒಂದು ಬಟ್ಟೆಯ ಗಂಟು ಹಿಡಿದುಕೊಂಡು ನನ್ನ ಹಿಂದೆ ಕೂತರು. ಬುಲೆಟ್ಟಿನ ಸದ್ದಿಗೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ಪ್ರವಾಸದಲ್ಲೂ ಅವರ ಜಾಗ ನನ್ನ ಹಿಂದೆಯೇ ಎಂದು ಗೊತ್ತಾಗಿತ್ತು. ಬೇಲೂರಿನ ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ನಮ್ಮನ್ನು ಹಿಂದೆ ಹಾಕಿತು. ಓಡಿಸುತ್ತಿದ್ದವನು ಹೊರಳಿ ನೋಡಿ ನಿಧಾನ ಮಾಡಿದ.

"ಯಾಕ್ ಸಾರ್, ಗಾಡಿ ಕೆಟ್ಟೈತಾ? ತಳ್ಳಾಣಾ?"

"ಇಲ್ಲಪ್ಪಾ, ಸರಿಯಾಗಿದೆ."

"ಮತ್ತೆ ಯಾಕಿಂಗೆ?" ಎಂದವನು ಉತ್ತರಕ್ಕೆ ಕಾಯದೆ ಹೋದ.

ಬೇಲೂರು ದಾಟಿ ಬಿಕ್ಕೋಡು ಮುಟ್ಟುವಾಗ ಸಂಜೆ ನಾಲ್ಕು ದಾಟಿತ್ತು. ಈ ಟ್ರಯಲ್ಲಿಗೆಂದು ನಾನು ಬರೆದುಕೊಂಡಿದ್ದ ಹೊತ್ತಿಗಿಂತ ನಾಲ್ಕು ನಿಮಿಷ ತಡವಾಗಿಯೇ ಮುಟ್ಟಿ ನಾನು ನಿರಾಳವಾದೆ. ಯಜಮಾನರು ಊರ ಹೊರಗಿನ ಕಾಫಿ ಎಸ್ಟೇಟಿನ ಗೇಟಿನಲ್ಲಿ ಬುಲೆಟ್ಟಿಗೆ ಒರಗಿ ನಿಂತಿದ್ದರು.

"ಇಲ್ಲೇ ನಮ್ ಚಿಕ್ಕಪ್ಪನ ಮಗನ ಕ್ವಾರ್ಟರ್ಸು. ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರು ಅವನು. ಐದ್ ನಿಮಿಷ ಮಾತಾಡ್ಸಿ ಬತ್ತೀವಿ. ಸಾವ್ಕಾರ್ರೇ, ಬನ್ನಿ. ಕಂಟ್ರೋಲ್ರೇ, ಗಾಡಿಗಳ ಕಡೆ ಒಂದ್ ಕಣ್ಣಿಕ್ಕಿರಿ. ಎಸ್ಟೇಟ್ ಜೀಪ್‌ನೋರು ಹಿಂದೆ ಮುಂದೆ ನೋಡಲ್ಲ."

ಅವರಿಬ್ಬರೂ ಒಳಗೆ ಹೋದರು. ನಾನು ಎರಡು ಗಾಡಿಗಳ ಮೇಲೆ ಒಂದೊಂದು ಕಣ್ಣಿಟ್ಟೆ. ಜೀಪು ಒಂದೂ ಬರಲಿಲ್ಲ. ಅಭ್ಯಾಸಬಲದಿಂದ ಕೈ ಗಡಿಯಾರ ನೋಡುತ್ತಿತ್ತು. ಐದು ನಿಮಿಷ ಮೂವತ್ತೇಳು ನಿಮಿಷವಾಯಿತು. ಕಿಟಕಿಯಲ್ಲಿ ಯಜಮಾನರು ಸ್ಟೀಲ್ ಲೋಟ ಎತ್ತಿ ಕಾಫಿ ಕುಡಿಯುವುದು ಕಾಣುತ್ತಿತ್ತು. ಸಾವ್ಕಾರ್ರು ತಮ್ಮ ಬಾಟಲಿಯ ನೀರನ್ನೇ ಕುಡಿಯುತ್ತಾ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಆಮೇಲೆ ರೈಟರ ಹೆಂಡತಿ ನನಗೂ ಕಾಫಿ ತಂದರು. ಬಿಳಿಯ ಪ್ಲಾಸ್ಟಿಕ್ ಲೋಟದಲ್ಲಿ.

"ಸಕ್ಕರೆ ಸಾಕಾ ಅಣ್ಣಾ?" ಎಂದು ಕೇಳಿದರು. ಆ ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾಫಿಯೂ ಚೆನ್ನಾಗಿತ್ತು.

ಬಳಸಿ ಬಿಸಾಡುವ ಲೋಟ ಆಗ ನಮ್ಮ ಹಳ್ಳಿಗಳಿಗೆ ಹೊಸದು. ನಮ್ಮಪ್ಪನ ಕಾಲದಲ್ಲಿ ಇದೇ ಕೆಲಸಕ್ಕೆ ಹಿತ್ತಲ ಗೋಡೆಯ ಸಂದಿಯಲ್ಲಿ ಒಂದು ತೆಂಗಿನ ಚಿಪ್ಪು ಇಟ್ಟಿರುತ್ತಿದ್ದರಂತೆ. ಕುಡಿದ ಮೇಲೆ ಅದನ್ನು ಅಪ್ಪನೇ ತೊಳೆದು ಇಡಬೇಕಿತ್ತು. ನನಗೆ ತೊಳೆಯುವ ಕಷ್ಟವೂ ಇಲ್ಲ, ಎಸೆದರಾಯಿತು. ಒಂದು ತಲೆಮಾರಿನಲ್ಲಿ ನಾವು ಎಷ್ಟು ಮುಂದುವರಿದಿದ್ದೇವೆ! ಲೋಟವನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಉಳಿದ ಕಾಫಿ ಪ್ಯಾಂಟಿಗೆ ಇಳಿಯಿತು.

ವಾಪಸು ಬರುವಾಗ ಯಜಮಾನರು ಮುಂದೆ ಹೊರಟುಹೋದರು. ಸಾವ್ಕಾರ್ರು ಹಗರೆಯಲ್ಲಿ ಒಬ್ಬ ಗಿರಾಕಿಗೆ ಬಟ್ಟೆಯ ಗಂಟು ಕೊಡಬೇಕಿತ್ತು. ಸುತ್ತಾದರೂ ಆ ದಾರಿ ಹಿಡಿದೆವು. ಬೇಲೂರು ಬಿಟ್ಟ ಮೇಲೆ ನನ್ನ ಗಾಡಿಯ ಮುಳ್ಳು ಯಾವಾಗ ಅರವತ್ತೈದು ಮುಟ್ಟಿತೋ ನನಗೆ ಗೊತ್ತಾಗಲಿಲ್ಲ. ಹಿಂದಿನಿಂದ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದವರು ಕೂಗಿದರು. "ಸಾರ್! ಇಷ್ಟು ಜೋರಾಗಿ ಹೋಗಕ್ಕೂ ಬರ್ತದಾ ಈ ಗಾಡಿಗೆ?"

ಹಗರೆಯಲ್ಲಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಅವರು ಡಬ್ಬಿ ತೆಗೆದರು. ಬಿಸಿಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಎರಡು ಚಪಾತಿಯನ್ನು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳಿದರು. ನಾಲ್ಕು ತುತ್ತು ತಿಂದ ಮೇಲೆ, ಡಬ್ಬಿಯನ್ನೇ ನೋಡುತ್ತಾ ಹೇಳಿದರು.

"ಟೈಮ್ ಟೇಬಲ್ಲಿಗೆ ಗಾಳಿ ತುಂಬಿದೀರ ಸಾರ್."

"ಯಾವ ಟೈಮ್ ಟೇಬಲ್ಲು?"

"ನಾನೆಷ್ಟು ವರ್ಷದಿಂದ ನಿಮ್ಮ ಕಿಂಡಿ ಮುಂದೆ ನಿಲ್ತಿದೀನಿ? ಹೊತ್ತು ಮುಳುಗೋ ಲೆಕ್ಕ ನನಗೆ ಗೊತ್ತಾಗಲ್ವಾ? ಮೂರು ದಿನವೂ ನೆಂಟರ ಊರಿಗೆ ಮುಂಚೆನೇ ಮುಳುಗತ್ತಲ್ಲ, ಹೆಂಗೆ?"

ನಾನು ಕೈಯಲ್ಲಿದ್ದ ಚಪಾತಿಯನ್ನು ಬಾಯಿಗೆ ತುರುಕಿಕೊಂಡೆ.

"ತೆಗೀಬೇಡಿ ಸಾರ್," ಎಂದರು ಅವರು. "ಬೇಕಾದ್ರೆ ಇನ್ನರ್ಧ ಗಂಟೆ ಸೇರಿಸಿ."

ಹನ್ನೆರಡು ವರ್ಷ ನಾನು ಮಂಡಿಯ ಬೆಂಚಿನಲ್ಲಿ ಹುಡುಕಿದ ಮನುಷ್ಯ ಇಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದಾರಲ್ಲ ಎನಿಸಿತು. ಏನಾದರೂ ಹೇಳಬೇಕೆಂದು ಚಪಾತಿ ನುಂಗುತ್ತಿದ್ದಾಗ ಅವರು ಮುಂದುವರಿಸಿದರು.

"ಆ ಮನೆಗಳಲ್ಲಿ ಬೆಳ್ಳುಳ್ಳಿ ಹಾಕಿಲ್ಲ ಅಂತಾರೆ. ಹಾಕಿರ್ತಾರೆ. ಹಾಕದಿದ್ರೂ ಅದೇ ಬಾಣಲೆ. ಉಪಚಾರ ಮಾಡಿ ಮಾಡಿ ಬಡಿಸ್ತಾರೆ, ಬೇಡ ಅನ್ನೋಕಾಗಲ್ಲ. ಲಾಡ್ಜ್ ಆದ್ರೆ ನನ್ನ ಅವಲಕ್ಕಿ ನನಗೆ."

"ಬೆಳ್ಳುಳ್ಳಿಗೋಸ್ಕರಾನಾ?"

"ಮತ್ತೆ?"

"ನಾನು ಯಾಕೆ ಹಂಗೆ ಬರೆದೆ ಅಂತ ಗೊತ್ತಾ ನಿಮಗೆ?"

ಅವರು ಡಬ್ಬಿ ಮುಚ್ಚಿದರು. "ಗೊತ್ತು ಸಾರ್. ಅದನ್ನ ನೀವೂ ಹೇಳೋದು ಬೇಡ, ನಾನೂ ಕೇಳೋದು ಬೇಡ. ಬೆಳ್ಳುಳ್ಳಿ ಅಂದ್ರೆ ಯಾರಿಗೂ ಬೇಜಾರಿಲ್ಲ, ಮೂರು ಜನಕ್ಕೂ ಲಾಡ್ಜ್ ಸಿಗ್ತದೆ. ಸಾಲದಾ?"

ಸಾಕಾಗಬೇಕಿತ್ತು. ನಾನು ಕೇಳಿದ್ದೇ ಅದಲ್ಲವೇ? ಆದರೆ ಅವರನ್ನು ಹಳೇಬೀಡಿನಲ್ಲಿಳಿಸಿ ಅರಸೀಕೆರೆಗೆ ಒಬ್ಬನೇ ಬರುವಾಗ ಲೆಕ್ಕ ಬೇರೆಯಾಗಿ ಕಂಡಿತು. ಒಂದು ತರಕಾರಿಯ ದಯೆಯಿಂದ ನಾನು ಮನುಷ್ಯರ ಸಾಲಿಗೆ ಸೇರುತ್ತಿದ್ದೆ. ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಯಜಮಾನರಿಗೆ ಕೊನೆಯವರೆಗೂ ತಾವು ಯಾಕೆ ಅಲ್ಲಿ ಮಲಗಿದ್ದೇವೆಂದೇ ತಿಳಿಯುವುದಿಲ್ಲ. ಬೆಳ್ಳುಳ್ಳಿಗೆ ಸಿಕ್ಕ ಗೌರವದ ಬಾಲ ಹಿಡಿದುಕೊಂಡು ನಾನು ಏರ್ಕಾಡಿನವರೆಗೆ ಹೋಗಬೇಕು.

ಮನೆಗೆ ಬಂದವನು ಹೊಸ ಹಾಳೆ ತೆಗೆದು ನಿಜವಾದ ಹೊತ್ತುಗಳನ್ನು ಬರೆದೆ. ಮೈಸೂರಿನಿಂದ ನಂಜನಗೂಡಿಗೆ ಮುಕ್ಕಾಲು ಗಂಟೆ. ಚಾಮರಾಜನಗರವನ್ನು ನಾಲ್ಕೂವರೆಗೆ ಮುಟ್ಟಿಸಿದೆ. ಹನೂರು, ಸೇಲಂ ಎಲ್ಲವೂ ಬೆಳಕಿರುವಾಗಲೇ ಸಿಕ್ಕವು. ತಂಗುವ ಜಾಗದಲ್ಲಿ "ಇಬ್ಬರು ಮನೆ, ಒಬ್ಬರು ಲಾಡ್ಜ್" ಎಂದು ಬರೆದು, ಪಕ್ಕದಲ್ಲಿ ಒಂದು ಗೆರೆ ಎಳೆದು "ಕಾರಣ" ಎಂದು ಇನ್ನೊಂದು ಅಂಕಣ ಮಾಡಿದೆ. ಅದನ್ನು ಖಾಲಿ ಬಿಟ್ಟೆ. ಹೆಂಡತಿ ಹಾಳೆ ನೋಡಿದಳು. ಎಲ್ಲೂ ಕೆಂಪು ಗೆರೆ ಎಳೆಯಲಿಲ್ಲ.

ಮರುದಿನ ಯಜಮಾನರು ಹೊತ್ತುಗಳನ್ನು ಓದಿ ಖುಷಿಯಾದರು. "ನೋಡಿದ್ರಾ! ನಾನು ಹೇಳ್ಲಿಲ್ವಾ, ನಾಲ್ಕೂವರೆಗೆ ಹೋಗ್ಬೌದು ಅಂತ." ಆಮೇಲೆ ಅವರ ಬೆರಳು ಅಂಕಣದ ಮೇಲೆ ನಿಂತಿತು. "ಇದೇನಿದು, ಕಾರಣ?"

"ನಮ್ಮಲ್ಲಿ ಬಸ್ಸು ಎಲ್ಲಾದ್ರೂ ರೂಟ್ ಬಿಟ್ಟು ಹೋದ್ರೆ ಯಾಕೆ ಅಂತ ಡ್ರೈವರ್ ಬರೆದು ಸಹಿ ಹಾಕ್ಬೇಕು ಯಜಮಾನ್ರೇ. ನಾವು ಬರೆಯೋ ಹಂಗಿಲ್ಲ. ಈ ಜಾಗ ನೀವು ತುಂಬಿ."

"ನಾನೇನ್ ಡ್ರೈವರ್ರಾ?"

"ಟ್ರಿಪ್ಪು ನಿಮ್ದಲ್ವಾ?"

ನಾನು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲಿಟ್ಟೆ. ಅವರು ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ ಪೆನ್ನು ತೆಗೆದುಕೊಂಡು "ಅವರ ಅನುಕೂಲಕ್ಕಾಗಿ" ಎಂದು ಬರೆದು ಸಹಿ ಹಾಕಿದರು. ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದರು.

"ಆಯ್ತಾ? ಸಮಾಧಾನವಾ?"

ನಾನು ಪೆನ್ನು ಇಸಿದುಕೊಂಡು ಅದರ ಕೆಳಗೆ "ಅವರಿಗೆ ಅನುಕೂಲವಿಲ್ಲ. ಬರುವುದಿಲ್ಲ" ಎಂದು ಬರೆದು ನನ್ನ ಸಹಿ ಹಾಕಿದೆ.

"ಏನ್ ಹುಡುಗಾಟ ಇದು ಕಂಟ್ರೋಲ್ರೇ! ಇಷ್ಟು ಸಣ್ಣ ವಿಷಯಕ್ಕೆ?"

"ಸಣ್ಣದಾದ್ರೆ ತಿದ್ದಿಬಿಡಿ."

"ನಾನೇನ್ರೀ ಮಾಡ್ಲಿ? ನನ್ನ ಮನೆ ಆಗಿದ್ರೆ ಬೇರೆ ಮಾತು. ನೆಂಟ್ರ ಮನೆ. ಅವರಿಗೆ ನಾನು ಹೆಂಗೆ ಹೇಳಾದು?"

"ನಿಮ್ಮ ಮನೆ ಇಲ್ಲೇ ಹಿಂದೆ ಇದೆಯಲ್ಲ ಯಜಮಾನ್ರೇ," ಎಂದೆ.

ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ಪ್ಲಾಟ್‌ಫಾರಂ ನಂಬರ್ ಹೇಳುವ ಹಾಗೆ ಹೇಳಿದೆ. ಅವರು ಮಂಡಿಯೊಳಗೆ ತಿರುಗಿ, ತೂಕ ಮಾಡುತ್ತಿದ್ದವರ ಮೇಲೆ ಚೀಲ ಸರಿಯಾಗಿ ಹೊಲಿದಿಲ್ಲವೆಂದು ಕೂಗಾಡತೊಡಗಿದರು. ಚೀಲಗಳನ್ನು ಚೆನ್ನಾಗಿಯೇ ಹೊಲಿದಿದ್ದರು.

ಪ್ರವಾಸ ಅಲ್ಲಿಗೆ ನಿಂತಿತು. ನಾನಿಲ್ಲದೆ ಸಾವ್ಕಾರ್ರಿಗೆ ಕೂರಲು ಹಿಂದಿನ ಸೀಟಿರಲಿಲ್ಲ, ಅವರಿಲ್ಲದೆ ಯಜಮಾನರಿಗೆ ಜೊತೆಯಿರಲಿಲ್ಲ. ಊರಿನಲ್ಲಿ ಕೇಳಿದವರಿಗೆಲ್ಲ ಯಜಮಾನರು, "ಕಂಟ್ರೋಲ್ರು ಹೆದರ್ಕಂಡ್ರು," ಎಂದು ಹೇಳಿದರು. ಎಲ್ಲರೂ ನಂಬಿದರು. ಮರುದಿನ ಅವರೇ ಕಿಂಡಿಯ ಹತ್ತಿರ ಬಂದು, "ಟೀ ಬಂದೈತೆ, ಬನ್ನಿ," ಎಂದರು. ಸಣ್ಣ ಊರಿನಲ್ಲಿ ಸ್ನೇಹ ಕೆಡಿಸಿಕೊಳ್ಳುವುದೂ ಸುಲಭವಲ್ಲ. ನಾನು ಹೋದೆ. ಕೊಬ್ಬರಿಯ ಧಾರಣೆ ಮಾತಾಡಿದೆವು.

ದಸರಾ ರಜೆಯಲ್ಲಿ ನಾನು ನನ್ನ ಹೆಂಡತಿಯನ್ನು ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದೆ. ಆನೆಯ ಲದ್ದಿ ಕಂಡಿತು, ಅಷ್ಟಕ್ಕೇ ನಾನು ಗಾಡಿ ತಿರುಗಿಸಿದ್ದೆ. "ಆನೆ ಹೋಗಿ ಎರಡು ದಿನ ಆಗಿದೆ, ಲದ್ದಿ ಒಣಗಿದೆ ನೋಡಿ," ಎಂದು ಅವಳು ಮತ್ತೆ ತಿರುಗಿಸಿದಳು. ಯಳಂದೂರಿನ ಲಾಡ್ಜಿನಲ್ಲಿ ಸೊಳ್ಳೆಪರದೆಯೂ ಬೇಕಾಯಿತು, ಬತ್ತಿಯೂ ಬೇಕಾಯಿತು.

ಅದಾಗಿ ಒಂದೆರಡು ತಿಂಗಳಿಗೆ ಯಜಮಾನರು ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಸರಿದು ಕೂತರು. ಸಂಸಾರ ಸಮೇತ ಕಾರಿನಲ್ಲಿ ಅದೇ ಬೆಟ್ಟಗಳಿಗೆ ಹೋಗುವ ಮನಸ್ಸಾಗಿದೆ ಎಂದರು. "ನಿಮ್ಮಷ್ಟು ಪಕ್ಕಾ ಯಾರೂ ಹಾಕಲ್ಲ. ಕಾರಿಗೆ ಒಂದು ಟೈಮ್ ಟೇಬಲ್ ಹಾಕ್ಕೊಡ್ರಿ."

"ಹಾಕ್ಕೊಡ್ತೀನಿ ಯಜಮಾನ್ರೇ. ಇಲ್ಲಿ ಬೆಂಚಲ್ಲಿ ಆಗಲ್ಲ, ಕೂತು ಮಾಡೋ ಕೆಲಸ. ಒಂದು ಭಾನುವಾರ ನಿಮ್ಮ ಮನೇಲಿ ಊಟಕ್ಕೆ ಬರ್ತೀವಿ, ನಾನೂ ನಮ್ಮನೆಯವಳೂ. ಊಟ ಆದ್ಮೇಲೆ ಹಾಕೋಣ."

ಅವರು ತಕ್ಷಣ, "ಅಯ್ಯೋ, ಅದಕ್ಕೇನಂತೆ!" ಎಂದರು. ಆಮೇಲೆ ಹಿಂದಕ್ಕೆ ತಿರುಗಿ ಮನೆಯ ಬಾಗಿಲನ್ನು ನೋಡಿದರು. ಒಳಗೆ ಯಾರೋ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. "ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ."

ಆ ಬೇಸಗೆಯಲ್ಲಿ ಅವರು ಪಟ್ಟಿಯಿಲ್ಲದೆಯೇ ಹೋಗಿಬಂದರು. ಹನೂರಿನ ಹತ್ತಿರ ದಾರಿ ತಪ್ಪಿ ಮೂರು ಗಂಟೆ ಸುತ್ತಿದರಂತೆ. ನನಗೆ ಉತ್ತರ ಮಾತ್ರ ಇನ್ನೂ ಬಂದಿಲ್ಲ. ಕೆಲವು ಶನಿವಾರ ನನ್ನ ಹೆಂಡತಿ ಅಕ್ಕಿ ಆರಿಸುತ್ತಾ, ಮುಖವೆತ್ತದೆ ಕೇಳುತ್ತಾಳೆ. "ನಾಳೆ ಅಡುಗೆ ಮಾಡ್ಲಾ, ಬೇಡ್ವಾ?"

ಮಾಡು, ಎನ್ನುತ್ತೇನೆ.